ನೆತ್ತಿ ತಟ್ಟಬಾರದ ಊರಿನಲ್ಲಿ

ಬೈಲಹೊಂಗಲ

ಪರದೇಶ ಸುತ್ತಿ ಬಂದವರು ಸಮುದ್ರ ನೋಡಿದೆ, ಮುಗಿಲು ಮುಟ್ಟುವ ಕಟ್ಟಡ ನೋಡಿದೆ ಎನ್ನುತ್ತಾರೆ. ನಾನು ಮಲೇಶಿಯಾದ ಪೆನಾಂಗಿಗೆ ಹೋಗಿ ನೋಡಿದ್ದು ಮಂದಿಯ ತಲೆಗಳನ್ನು. ಕರಿ ತಲೆ, ಬಿಳಿ ತಲೆ, ಬಣ್ಣ ಹಚ್ಚಿದ ತಲೆ, ಉದುರಿ ಉದುರಿ ನಡು ಬೈತಲೆ ಅಗಲವಾದ ತಲೆ. ಸಮುದ್ರವೂ ಕಂಡಿತು, ಸುಳ್ಳು ಹೇಳಬಾರದು. ಆದರೆ ನಾನು ಹೋದದ್ದೇ ಪರರ ತಲೆ ತೊಳೆದು, ಬಿಸಿಗಾಳಿಯಿಂದ ಒಣಗಿಸಿ, ಕೂದಲನ್ನು ಹೇಳಿದಂತೆ ಕೇಳಿಸುವುದನ್ನು ಕಲಿಯಲು.

ಇದನ್ನೂ ಕಲಿಯಬೇಕೇ ಎಂದು ನಿಮಗೆ ಅನ್ನಿಸಬಹುದು. ಬೆಳಗಾವಿಯಲ್ಲಿ ನನಗೆ ಬ್ಯೂಟಿ ಪಾರ್ಲರಿನ ಕೆಲಸ ಕಲಿಸಿದ ಟೀಚರ್ ಬಾಯಿಯವರಿಗೂ ಹಾಗೇ ಅನ್ನಿಸಿತ್ತು. ಹುಬ್ಬಿನ ಕೂದಲು ತೆಗೆಯುವುದು, ಮುಖಕ್ಕೆ ಲೇಪ, ಮದುಮಗಳ ಅಲಂಕಾರ ಎಲ್ಲ ಕಲಿಸಿದರು. ತಲೆ ತೊಳೆಯುವ ಮಾತು ಬಂದಾಗ, ಅದು ಹುಟ್ಟಿದ ಪ್ರತಿ ಹೆಣ್ಣಿಗೂ ಬರುತ್ತದೆ ಎಂದು ಮುಂದಿನ ಪಾಠಕ್ಕೆ ಹೋದರು. ನಾನು ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಪರದೆ ಕಟ್ಟಿ ಪಾರ್ಲರ್ ತೆರೆದ ಮೇಲೆ, ಧಾರವಾಡದ ಕಾಲೇಜಿಗೆ ಹೋಗುವ ಹುಡುಗಿಯರು ಬಂದು ತಲೆ ತೊಳೆದು ಸೆಟ್ ಮಾಡಿರಿ ಎನ್ನತೊಡಗಿದರು. ನಾನು ಬಚ್ಚಲಿಗೆ ಕರೆದೊಯ್ದು ತಂಬಿಗೆಯಿಂದ ನೀರು ಸುರಿದರೆ ಅವರ ಚೂಡಿದಾರ್ ಸೊಂಟದವರೆಗೆ ತೊಯ್ದು ಹೋಗುತ್ತಿತ್ತು. ಒಬ್ಬಳು ನನ್ನ ಸೀರೆ ಉಟ್ಟುಕೊಂಡು ಮನೆಗೆ ಹೋದಳು. ಎರಡನೇ ಸಲ ಬರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದು ಖೋಲಿ. ಮನೆಯ ಮುಂದೆ ಬಜಾರಿನ ಕಡೆ ಬಾಗಿಲಿದ್ದ ಖೋಲಿ, ಮಾವನವರ ಕಾಲದಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಒಟ್ಟುತ್ತಿದ್ದದ್ದು, ಅವರು ತೀರಿಕೊಂಡ ಮೇಲೆ ಕೀಲಿ ಬಿದ್ದಿತ್ತು. ಕೀಲಿಕೈ ಅತ್ತೆಯ ಸೊಂಟದಲ್ಲಿ. ನಾನು ಅಲ್ಲಿ ಪಾರ್ಲರ್ ಹಾಕುತ್ತೇನೆಂದರೆ, ಮೈದುನ ಗೊಬ್ಬರದ ಅಂಗಡಿ ಹಾಕುತ್ತೇನೆ ಎನ್ನುತ್ತಿದ್ದ. ಇಬ್ಬರ ನಡುವೆ ಮಾತು ಬೆಳೆದು, ಊಟಕ್ಕೆ ಕೂತಾಗಲೂ ಯಾರೂ ಯಾರ ಮುಖವನ್ನೂ ನೋಡದಂತಾಗಿತ್ತು.

ಅಷ್ಟರಲ್ಲಿ ನನ್ನ ಕಾಕಾನ ಮಗಳು ಸುಮಕ್ಕ ಪೆನಾಂಗಿನಿಂದ ಫೋನ್ ಮಾಡಿದಳು. ಅವಳ ಗಂಡನಿಗೆ ಅಲ್ಲಿಯ ಬಂದರಿನಲ್ಲಿ ಕೆಲಸ. ಅವರ ಮನೆಯ ಕೆಳಗೇ ಚೀನೀ ಹೆಂಗಸೊಬ್ಬಳ ಕೂದಲಿನ ಅಂಗಡಿ ಇತ್ತು. ಅಂಗಡಿ ಗುಡಿಸಿ ಟವೆಲ್ ಒಗೆದುಕೊಟ್ಟರೆ ಕಲಿಸುತ್ತಾಳಂತೆ, ಬಾ ಎಂದಳು. ಅತ್ತೆಯನ್ನು ಕೇಳಲು ನನಗೆ ಧೈರ್ಯ ಸಾಲದೆ ಯಜಮಾನರಿಂದ ಕೇಳಿಸಿದೆ. ಅತ್ತೆ ರಾಮದುರ್ಗದ ಕಡೆಯ ಕಟಕೋಳದವರು, ಹೊಲಮನೆಯಲ್ಲಿ ಬೆಳೆದ ಗಟ್ಟಿ ಹೆಂಗಸು. ತಮ್ಮ ತಲೆಗೆ ತಾವೇ ನೀರು ಎರೆದುಕೊಂಡು ತಾವೇ ಬಾಚಿಕೊಳ್ಳುವವರು, ಇನ್ನೊಬ್ಬರ ಕೈ ತಾಗಗೊಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಯಜಮಾನರನ್ನು ಬಿಟ್ಟು ನನ್ನನ್ನೇ ಕರೆದರು.

"ಮಂದಿ ತಲಿ ತೊಳ್ಯಾಕ ಇಮಾನ ಹತ್ತಾಕಿ ನೀನ ಮೊದಲನೇಕಿ," ಎಂದರು. "ಹೋಗಿ ಬಾ. ಬಂದ ಮ್ಯಾಲ ಮೊದಲ ನನ್ನ ತಲಿ ತೊಳಿ. ನನ್ನ ಮನಸ್ಸಿಗೆ ಬಂದ್ರ ಖೋಲಿ ನಿಂದು. ಬರಲಿಲ್ಲ ಅಂದ್ರ ಸಣ್ಣಾವ ಗೊಬ್ಬರದ ಚೀಲ ಇಳಸ್ತಾನ. ಆಮ್ಯಾಲ ಯಾರೂ ಮಾರಿ ಸಣ್ಣ ಮಾಡಬಾರದು."

ಪಡಸಾಲೆಯಲ್ಲಿದ್ದ ಮೈದುನ ಕೇಳಿಸಿಕೊಂಡು ನಕ್ಕ. ಅವನಿಗೂ ತನ್ನ ತಾಯಿಯ ಸ್ವಭಾವ ಗೊತ್ತಿತ್ತು.

ಕಿತ್ತೂರು

ಬೆಂಗಳೂರಿನ ಬಸ್ಸನ್ನು ಕಿತ್ತೂರಿನ ಹೈವೇಯಲ್ಲಿ ಹಿಡಿಯಬೇಕಿತ್ತು. ಯಜಮಾನರು ಅಲ್ಲಿಯವರೆಗೆ ಬಂದರು. ನನ್ನ ಹತ್ತಿರ ಒಂದು ಸೂಟ್‌ಕೇಸು, ಮತ್ತು ಅದಕ್ಕಿಂತ ದೊಡ್ಡದಾದ ಖಡಕ್ ರೊಟ್ಟಿಯ ಗಂಟು. ಪೆನಾಂಗಿನಲ್ಲಿ ಏನು ತಿನ್ನುತ್ತಾರೋ ಎಂಬ ಚಿಂತೆಯಿಂದ ಅತ್ತೆ ತಾವೇ ರಾತ್ರಿಯಿಡೀ ಬಡಿದು ಕೊಟ್ಟದ್ದು. ಖೋಲಿಯ ವಿಷಯದಲ್ಲಿ ಕಲ್ಲು, ರೊಟ್ಟಿಯ ವಿಷಯದಲ್ಲಿ ಬೆಣ್ಣೆ. ಬಸ್ಸು ಬರುವ ತನಕ ಯಜಮಾನರು ಏನೋ ದೊಡ್ಡ ಮಾತು ಹೇಳುತ್ತಾರೆಂದು ಕಾದೆ. ಶೇಂಗಾ ಚಟ್ನಿ ಬೇರೆ ಚೀಲದಲ್ಲಿದೆ, ಮರೆಯಬೇಡ ಎಂದರು.

ಬೆಂಗಳೂರಿನಿಂದ ಮದ್ರಾಸಿಗೆ ಹೋಗಿ, ಅಲ್ಲಿಂದ ವಿಮಾನ. ಅದರ ಬಗ್ಗೆ ಹೆಚ್ಚು ಹೇಳಲಾರೆ, ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಪೆನಾಂಗಿನ ನಿಲ್ದಾಣದಲ್ಲಿ ಮಾತ್ರ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಕುಟ್ಟಿ ಶಬ್ದ ಕೇಳಿದ, ಇನ್ನೊಬ್ಬನನ್ನು ಕರೆದು ಅವನಿಂದಲೂ ಕುಟ್ಟಿಸಿದ. ಇದು ಯಾವುದೋ ಯಂತ್ರದ ಭಾಗವೆಂದು ಅವರಿಗೆ ಅನ್ನಿಸಿರಬೇಕು. ನನಗೆ ಇಂಗ್ಲಿಷಿನಲ್ಲಿ ವಿವರಿಸಲು ಬಾರದೆ, ಒಂದು ರೊಟ್ಟಿ ಮುರಿದು ಅವರೆದುರೇ ಕಟಕಟ ಅಗಿದು ತೋರಿಸಿದೆ. ಬಿಟ್ಟರು.

ಪೆನಾಂಗ್

ಆ ಊರಿನ ಅಂಗಡಿಗಳ ಮುಂದೆಲ್ಲ ಉದ್ದಕ್ಕೂ ಮುಚ್ಚಿದ ಜಗುಲಿ. ಮಳೆ ಬಂದರೂ ಬಿಸಿಲು ಬಂದರೂ ಮಂದಿ ಅದರಡಿಯೇ ನಡೆಯುತ್ತಾರೆ, ಅದರಡಿಯೇ ಕೂತು ಉಣ್ಣುತ್ತಾರೆ. ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ನೋಡಿದರೂ ಯಾರೋ ಒಬ್ಬರ ಮುಂದೆ ಬೋಗುಣಿ ಇದ್ದೇ ಇರುತ್ತದೆ. ಉಂಡಿರಾ ಎಂಬುದೇ ಅಲ್ಲಿ ನಮಸ್ಕಾರ. ನಮ್ಮ ಕಡೆ "ಊಟಾ ಆತೇನ್ರಿ" ಎಂದು ಕೇಳುವುದು ನೆನಪಾಗಿ, ಅಷ್ಟು ದೂರ ಬಂದದ್ದೇ ಮರೆತುಹೋಯಿತು.

ಆದರೆ ಗಾಳಿ ನಮ್ಮದಲ್ಲ. ನಮ್ಮ ಒಣ ಹವೆಯಲ್ಲಿ ತಿಂಗಳು ಕಳೆದರೂ ಮುರಿಯುವ ಖಡಕ್ ರೊಟ್ಟಿ ಅಲ್ಲಿ ಬೆಳಗಾಗುವುದರೊಳಗೆ ತೊಯ್ದ ಬಟ್ಟೆಯ ಹಾಗೆ ಜೋತುಬಿದ್ದಿತು. ಸುಮಕ್ಕ ಅದನ್ನು ಕಂಡು ನಗುತ್ತ, ಈ ಊರಿನಲ್ಲಿ ರೊಟ್ಟಿಗೆ ಆಗುವುದೇ ಕೂದಲಿಗೂ ಆಗುತ್ತದೆ, ಅದಕ್ಕೇ ಕೆಳಗಿನ ಅಂಗಡಿಗೆ ಗಿರಾಕಿ ತಪ್ಪುವುದಿಲ್ಲ ಎಂದಳು.

ಅಂಗಡಿಯ ಒಡತಿಯ ಹೆಸರು ಮೇ. ಐವತ್ತರ ಆಸುಪಾಸಿನ ಸಣ್ಣ ದೇಹದ ಹೆಂಗಸು, ಮುಖದಲ್ಲಿ ನಗು ಕಡಿಮೆ. ಸುಮಕ್ಕನ ಜೊತೆ ಹರಕುಮುರುಕು ತಮಿಳಿನಲ್ಲಿ ಮಾತಾಡುತ್ತಿದ್ದಳು, ನನ್ನ ಜೊತೆ ಕೈಯಿಂದ. ಮೊದಲ ದಿನಗಳಲ್ಲಿ ನಾನು ಟವೆಲ್ ಮಡಿಸುತ್ತ ಬರೀ ನೋಡಿದೆ. ಅಲ್ಲಿ ತಲೆ ತೊಳೆಯುವುದು ನೀರಿನ ಹತ್ತಿರವೇ ಅಲ್ಲ. ಗಿರಾಕಿ ಕನ್ನಡಿಯ ಮುಂದೆ ನೆಟ್ಟಗೆ ಕೂತು ಪತ್ರಿಕೆ ಓದುತ್ತಿರುತ್ತಾಳೆ. ಮೇ ಒಂದು ಕೈಯಲ್ಲಿ ತೆಳುವಾಗಿಸಿದ ಶಾಂಪೂವಿನ ಬಾಟಲಿ ಹಿಡಿದು ಒಣ ತಲೆಯ ಮೇಲೆ ಹನಿಹನಿಯಾಗಿ ಬಿಡುತ್ತಾಳೆ, ಇನ್ನೊಂದು ಕೈಯ ಬೆರಳ ತುದಿಯಿಂದ ಸುತ್ತುತ್ತಾಳೆ. ನೊರೆ ಏಳುತ್ತದೆ, ನೆತ್ತಿಯ ಮೇಲೆ ಗುಡ್ಡೆಯಾಗಿ ನಿಲ್ಲುತ್ತದೆ. ಒಂದು ಹನಿ ಹಣೆಗೆ ಇಳಿಯುವಂತಿಲ್ಲ, ಭುಜಕ್ಕೆ ಬೀಳುವಂತಿಲ್ಲ. ಕೊನೆಗಷ್ಟೇ ಬೇಸಿನ್ನಿನ ಹತ್ತಿರ ಕರೆದೊಯ್ದು, ಮುಖ ಮೇಲೆ ಮಾಡಿ ಮಲಗಿಸಿ ತೊಳೆಯುವುದು.

ಸವದತ್ತಿ ತಾಲೂಕಿನ ಹೂಲಿ ನನ್ನ ತವರು. ಅಲ್ಲಿ ಅವ್ವ ನನಗೆ ಎರೆಯುವಾಗ ಹಂಡೆಯ ಸುಡುನೀರು, ಸೀಗೆಕಾಯಿ, ಹೊಗೆ, ನನ್ನ ಅಳು, ಅವಳ ಬೈಗುಳ ಎಲ್ಲ ಕೂಡಿಯೇ ಇರುತ್ತಿದ್ದವು. ಕಣ್ಣೊಳಗೆ ಸೀಗೆ ಹೋಗದಿದ್ದರೆ ಅದು ಎರೆದುಕೊಂಡ ಲೆಕ್ಕವೇ ಅಲ್ಲ. ಇಲ್ಲಿ ಗಿರಾಕಿಯ ಪತ್ರಿಕೆಯ ಹಾಳೆ ಸಹ ತೊಯ್ಯುವುದಿಲ್ಲ. ಅಕ್ಕನ ಮುಂದೆ, ಇದು ನನ್ನ ಕೈಯಲ್ಲಿ ಆಗುವುದಲ್ಲ ಎಂದು ಆ ದಿನವೇ ಹೇಳಿದೆ.

ಬೇಸಿನ್ನಿನ ಮುಂದೆ

ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೊದಲು ನನಗೆ ಸಿಕ್ಕದ್ದು ಬೇಸಿನ್ನಿನ ಕೆಲಸ. ನೀರನ್ನು ನಮ್ಮ ಮನೆಯ ಹದಕ್ಕೆ ತಿರುಗಿಸಿದೆ. ತಲೆಗೆ ಬಿಸಿ ಬೀಳದಿದ್ದರೆ ನೆಗಡಿಯಾಗುತ್ತದೆ ಎಂಬುದು ನನ್ನ ಎಲುಬಿನಲ್ಲೇ ಇತ್ತು. ಆ ಹೆಂಗಸು ಚೀರಿ ಎದ್ದು ಕೂತಳು. ಮೇ ಓಡಿಬಂದು ನನ್ನ ಮುಂಗೈಯ ಒಳಮೈ ಹಿಡಿದು ನೀರಿನಡಿ ಇಟ್ಟಳು. ಅಲ್ಲಿ ಹಿತವಾದರೆ ತಲೆಗೆ ಹಿತ ಎಂಬುದು ಮೊದಲ ಪಾಠ. ಎರಡನೆಯದು, ಹಣೆಯ ಕೂದಲಂಚಿಗೆ ಎಡಗೈಯನ್ನು ಗೋಡೆಯಂತೆ ನಿಲ್ಲಿಸುವುದು, ಕಿವಿಯನ್ನು ಅಂಗೈಯಿಂದ ಮುಚ್ಚುವುದು. ಉಗುರು ತಾಗಬಾರದು. ಹಿಂದಲೆ ತೊಳೆಯಲು ತಲೆಯನ್ನು ಮಗುವಿನ ತಲೆಯ ಹಾಗೆ ಅಂಗೈಯಲ್ಲಿ ಎತ್ತಬೇಕು.

ಇದೆಲ್ಲ ಒಂದಿಷ್ಟು ಕೈಗೆ ಬಂತು ಎನ್ನುವಾಗ ದೊಡ್ಡ ಅನಾಹುತ ಆಯಿತು. ಶಾಂಪೂ ತೊಳೆದ ಮೇಲೆ ಮೇ ನನ್ನ ಅಂಗೈಗೆ ಕಂಡಿಶನರ್ ಹಾಕಿ, ಹಚ್ಚು ಎಂದು ಸನ್ನೆ ಮಾಡಿದಳು. ನುಣ್ಣಗೆ, ಎಣ್ಣೆಯಂತೆ ಜಾರುವ ವಸ್ತು. ತಲೆಗೆ ಎಣ್ಣೆ ಹಚ್ಚುವುದು ನಮಗೆ ಯಾರಾದರೂ ಕಲಿಸಬೇಕೇ? ಅಂಗೈ ತುಂಬ ಅದನ್ನು ಹಿಡಿದು ಆ ಗಿರಾಕಿಯ ನೆತ್ತಿಯ ನಡುವೆ ಸುರಿದು, ತಪ್ ತಪ್ ಎಂದು ನಾಲ್ಕು ತಟ್ಟಿದೆ. ಬಾಯಿ ಸುಮ್ಮನಿರದೆ, ನೂರು ವರ್ಷ ಬಾಳವ್ವ ಎಂದೂ ಹರಸಿತು.

ನಮ್ಮಲ್ಲಿ ಇದು ತಪ್ಪುವ ಹಾಗಿಲ್ಲ. ಎರೆಯುವ ಮೊದಲು ಮನೆಯ ಹಿರಿಯ ಹೆಣ್ಣು ನೆತ್ತಿಗೆ ಎಣ್ಣೆ ಹೊಯ್ದು ಅದು ಇಂಗುವ ತನಕ ತಟ್ಟಬೇಕು. ತಲೆ ಒಣಗಿದ ಮೇಲೆ ಮತ್ತೆ ಎರಡು ಹನಿ ಹಚ್ಚಿ ತಟ್ಟಬೇಕು. ತಟ್ಟದಿದ್ದರೆ ಎರೆದದ್ದು ಪೂರ್ತಿಯಾಗುವುದಿಲ್ಲ. ಪೆನಾಂಗಿನ ಆ ಹೆಂಗಸಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ. ಕಣ್ಣು ಮುಚ್ಚಿ ಹಾಯಾಗಿ ಮಲಗಿದ್ದವಳಿಗೆ ಯಾರೋ ತಲೆಯ ಮೇಲೆ ಹೊಡೆದಂತಾಯಿತು. ಎದ್ದವಳೇ ಜೋರಾಗಿ ಏನೇನೋ ಅಂದಳು. ಮೇ ಅವಳ ಕ್ಷಮೆ ಕೇಳಿದಳು. ಗಲಾಟೆ ಕೇಳಿ ಸುಮಕ್ಕ ಮೆಟ್ಟಿಲಿಳಿದು ಬಂದಳು.

"ಅಕಿ ತಲಿ ಮ್ಯಾಲ ಯಾಕ ಬಡದಿ ನೀನು?"

"ಬಡದಿಲ್ಲಕ್ಕಾ, ತಟ್ಟೇನಿ."

"ಇಲ್ಲಿ ಎರಡೂ ಒಂದ ನೋಡ. ಅಕಿಗೇನ ಗೊತ್ತು ನಮ್ಮ ಹೂಲಿ ಪದ್ಧತಿ?"

ಹೊಡೆತಕ್ಕಿಂತ ಮೇಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಕಂಡಿಶನರನ್ನು ನೆತ್ತಿಗೆ ಹಚ್ಚಲೇಬಾರದು. ನಡುಗೂದಲಿನಿಂದ ತುದಿಯವರೆಗೆ ಮಾತ್ರ. ಬುಡಕ್ಕೆ ತಾಗಿದರೆ ಕೂದಲು ಜೋಲುಬಿದ್ದು, ಮುಂದೆ ಎಷ್ಟು ಗಾಳಿ ಹಾಕಿದರೂ ಏಳುವುದಿಲ್ಲ. ಅಂದರೆ ನಮ್ಮ ಹಿರಿಯರು ಎಲ್ಲಿ ಮೊದಲು ಕೈ ಇಡುತ್ತಿದ್ದರೋ ಅಲ್ಲಿ ಈ ವಿದ್ಯೆಯಲ್ಲಿ ಕೈ ಇಡಬಾರದು. ನನ್ನನ್ನು ಮತ್ತೆ ಟವೆಲಿಗೆ ಹಾಕಿದರು. ಟವೆಲ್ ಮಡಿಸುತ್ತ, ನಮ್ಮ ಖೋಲಿಯೊಳಗೆ ಗೊಬ್ಬರದ ಚೀಲಗಳು ಒಂದರ ಮೇಲೊಂದು ಏರುವುದನ್ನು ಕಣ್ಣಾರೆ ಕಂಡಂತೆ ಕಂಡೆ. ಅತ್ತುಬಿಟ್ಟೆ.

ಗಾಳಿಯ ಪಾಠ

ಮೇ ಬಿರುಸಿನವಳೇ ಹೊರತು ಬಿಡುವವಳಲ್ಲ. ಮರುವಾರ ಮೇಜಿಗೆ ಸಿಕ್ಕಿಸಿದ ಒಂದು ಗೊಂಬೆಯ ತಲೆ ತಂದುಕೊಟ್ಟಳು. ಅದಕ್ಕೆ ನಾನು ನೀಲವ್ವ ಎಂದು ಹೆಸರಿಟ್ಟೆ. ನೀಲವ್ವ ಹೊಡೆದರೂ ಚೀರುವುದಿಲ್ಲ, ಅದು ಅವಳ ದೊಡ್ಡ ಗುಣ.

ಒದ್ದೆ ಕೂದಲನ್ನು ನಾವು ಟವೆಲಿನಿಂದ ಫಟಫಟ ಬಡಿದು ಹನಿ ಹಾರಿಸುತ್ತೇವೆ. ಅಲ್ಲಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು, ಬಡಿಯಬಾರದು. ಆಮೇಲೆ ಡ್ರೈಯರಿನಿಂದ ಮುಕ್ಕಾಲು ಪಾಲು ಒಣಗಿಸಿ, ಅದರ ಮೂತಿಗೆ ಚಪ್ಪಟೆ ಕೊಳವೆ ಸಿಕ್ಕಿಸಿ, ಕೂದಲನ್ನು ಪಾಲು ಮಾಡಿ ಕ್ಲಿಪ್ಪು ಹಾಕಬೇಕು. ಕುತ್ತಿಗೆಯ ಹತ್ತಿರದ ಪಾಲಿನಿಂದ ಶುರು. ದುಂಡು ಬ್ರಶ್ಶನ್ನು ಕೂದಲಿನ ಅಡಿ ಹೊಗಿಸಿ ಎಳೆಯುತ್ತ ಹೋದಂತೆ ಗಾಳಿ ಬುಡದಿಂದ ತುದಿಗೆ ಇಳಿಯಬೇಕು. ಎದುರು ದಿಕ್ಕಿಗೆ ಹಿಡಿದರೆ ಕೂದಲು ಕೆದರಿ ನಿಲ್ಲುತ್ತದೆ. ಡ್ರೈಯರ್ ಒಂದೇ ಕಡೆ ನಿಂತರೆ ಸುಡುತ್ತದೆ. ನೀಲವ್ವನ ಎಡಗಡೆ ಹಾಗೆ ಒಂದಿಷ್ಟು ಸುಟ್ಟು ಅಂಗಡಿ ತುಂಬ ವಾಸನೆ ಎದ್ದಿತು.

ಎಲ್ಲ ಸರಿ ಮಾಡಿದರೂ ನಾನು ಎತ್ತಿ ನಿಲ್ಲಿಸಿದ ಕೂದಲು ಸ್ವಲ್ಪ ಹೊತ್ತಿಗೆ ನನ್ನ ರೊಟ್ಟಿಯಂತೆ ಜೋತುಬೀಳುತ್ತಿತ್ತು. ಮೇ ನಾನು ಮುಟ್ಟದೇ ಬಿಟ್ಟಿದ್ದ ಒಂದು ಗುಂಡಿ ತೋರಿಸಿದಳು. ತಣ್ಣನೆಯ ಗಾಳಿ. ಬಿಸಿಗಾಳಿ ಕೂದಲನ್ನು ಬಾಗಿಸುತ್ತದೆ, ತಣ್ಣನೆಯದು ಅದನ್ನು ಅಲ್ಲೇ ನಿಲ್ಲಿಸುತ್ತದೆ. ಬ್ರಶ್ಶಿನ ಮೇಲೆ ಸುತ್ತಿಕೊಂಡಿರುವಾಗಲೇ ತಣ್ಣಗಾಗಲು ಬಿಡಬೇಕು, ಅವಸರದಿಂದ ಬಿಚ್ಚಬಾರದು. ನನಗೆ ಇದ್ದದ್ದೇ ಅವಸರ. ಮಾಡುತ್ತ ಮಾಡುತ್ತ ಅದೂ ಇಳಿಯಿತು. ನೀಲವ್ವನ ಕೂದಲು ಸಂಜೆಯ ಮಳೆ ಬಂದು ಹೋದರೂ ನಿಂತಿತು.

ಟಾನ್ ಅಜ್ಜಿ

ಪ್ರತಿ ಗುರುವಾರ ಒಬ್ಬ ಅಜ್ಜಿ ಬರುತ್ತಿದ್ದರು. ಟಾನ್ ಎಂದು ಹೆಸರು. ಮನೆಯಲ್ಲಿ ಎಂದೂ ತಲೆ ತೊಳೆದುಕೊಂಡವರಲ್ಲ, ವಾರಕ್ಕೊಮ್ಮೆ ಇಲ್ಲಿಯೇ. ಬಹಳ ವರ್ಷಗಳಿಂದ ಮೇಯ ಕೈ ಬಿಟ್ಟು ಇನ್ನೊಬ್ಬರ ಕೈಗೆ ತಲೆ ಕೊಟ್ಟಿರಲಿಲ್ಲ. ಹಣೆಯ ಗಂಟು, ಬಿಗಿದ ತುಟಿ, ನೆಟ್ಟಗೆ ಕೂರುವ ರೀತಿ ನೋಡಿದರೆ ಬೈಲಹೊಂಗಲದಿಂದ ಅತ್ತೆಯೇ ಬಂದು ಕೂತಂತಿತ್ತು. ನಾನು ಊರಿಗೆ ಹೊರಡುವ ವಾರ ಮೇ ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ದೂರ ಹೋಗಿ ನಿಂತಳು. ಅಜ್ಜಿಗೆ ಒಪ್ಪಿದರೆ ನೀನು ಎಲ್ಲಿಯೂ ಕೆಲಸ ಮಾಡಬಹುದು ಎಂದು ಸುಮಕ್ಕನಿಂದ ಮೊದಲೇ ಹೇಳಿಸಿದ್ದಳು.

ನೊರೆ ನೆತ್ತಿಯ ಮೇಲೆ ನಿಂತಿತು. ಒಂದು ಹನಿಯೂ ಹಣೆಗೆ ಇಳಿಯಲಿಲ್ಲ. ಬೇಸಿನ್ನಿನಲ್ಲಿ ಅವರ ತಲೆ ನನ್ನ ಅಂಗೈಯಲ್ಲಿ ಮೊದಲು ಬಿಗಿಯಾಗಿತ್ತು, ಆಮೇಲೆ ಮೆಲ್ಲಗೆ ಭಾರವಾಯಿತು. ತಲೆ ಭಾರವಾದರೆ ಗಿರಾಕಿ ನಿನ್ನನ್ನು ನಂಬಿದಳೆಂದು ತಿಳಿ ಎಂದು ಮೇ ಸುಮಕ್ಕನ ಮೂಲಕ ಕಲಿಸಿದ್ದಳು. ಗಾಳಿ ಹಾಕುವಾಗ ಅಜ್ಜಿಗೆ ನಿದ್ದೆ ಬಂತು, ಸಣ್ಣಗೆ ಗೊರಕೆಯೂ ಕೇಳಿಸಿತು. ಎಲ್ಲ ಮುಗಿದು ಬ್ರಶ್ಶು ಕೆಳಗಿಟ್ಟಾಗ ನನ್ನ ಬಲಗೈ ತಾನಾಗಿಯೇ ಅವರ ನೆತ್ತಿಯ ಕಡೆಗೆ ಎದ್ದಿತು. ಎಡಗೈಯಿಂದ ಅದನ್ನು ಗಪ್ಪನೆ ಹಿಡಿದುಕೊಂಡೆ. ದೂರ ನಿಂತಿದ್ದ ಮೇ ಅದನ್ನು ಕಂಡು, ನಾನು ಬಂದಂದಿನಿಂದ ಮೊದಲ ಸಲ ಬಾಯಿಬಿಟ್ಟು ನಕ್ಕಳು.

ಎಚ್ಚರವಾದ ಅಜ್ಜಿ ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿಕೊಂಡು, ಮುಂದಿನ ಗುರುವಾರವೂ ಈ ಹುಡುಗಿಯೇ ಇರುತ್ತಾಳೋ ಎಂದು ಕೇಳಿದರಂತೆ. ಸುಮಕ್ಕ ಅದನ್ನು ಹೇಳಿದಾಗ ನನ್ನ ಮೈಯೆಲ್ಲ ಹಗುರಾಯಿತು. ಮೇ ತನ್ನ ಒಂದು ದುಂಡು ಬ್ರಶ್ಶನ್ನು ನನ್ನ ಸೂಟ್‌ಕೇಸಿನಲ್ಲಿಟ್ಟಳು. ಅತ್ತೆಯ ರೊಟ್ಟಿ ಬಂದ ಗಂಟಿನಲ್ಲಿ ಈಗ ನಾನು ಅಲ್ಲಿ ಕೊಂಡ ಡ್ರೈಯರ್ ಕೂತಿತು.

ಮತ್ತೆ ಬೈಲಹೊಂಗಲ

ಡ್ರೈಯರಿನ ಪ್ಲಗ್ಗಿನ ಕಾಲುಗಳು ಚಪ್ಪಟೆ, ನಮ್ಮ ಗೋಡೆಯ ತೂತುಗಳು ದುಂಡು. ಅಷ್ಟು ದೂರದಿಂದ ಹೊತ್ತು ತಂದ ವಿದ್ಯೆ ಗೋಡೆಯ ಹತ್ತಿರ ನಿಂತುಬಿಟ್ಟಿತು. ಯಜಮಾನರು ಬಜಾರಿನಿಂದ ಬೇರೆ ಪ್ಲಗ್ಗು ತಂದು ಹಾಕಿಸುವ ತನಕ ಅತ್ತೆ ಏನೂ ಕೇಳಲಿಲ್ಲ. ಶುಕ್ರವಾರ ಮುಂಜಾನೆ ತಾವೇ ಬಂದು ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕೂತರು. ಮೈದುನ ಹೊಲಕ್ಕೆ ಹೋಗುವುದು ಬಿಟ್ಟು ಪಡಸಾಲೆಯ ಕಂಬಕ್ಕೆ ಆತುಕೊಂಡು ನಿಂತ.

ನೊರೆಯನ್ನು ಕುರ್ಚಿಯಲ್ಲೇ ಎಬ್ಬಿಸಿದೆ. ಬೇಸಿನ್ ಇರಲಿಲ್ಲ. ತೊಳೆಯುವಾಗ ಅತ್ತೆಯನ್ನು ಮಂಚದ ಮೇಲೆ ಮಲಗಿಸಿ, ತಲೆಯನ್ನು ಅಂಚಿನಾಚೆ ಕೈಯಲ್ಲಿ ಹಿಡಿದು, ಕೆಳಗೆ ಬಕೆಟ್ಟು ಇಟ್ಟೆ. ತಂಬಿಗೆಯ ನೀರನ್ನು ಮುಂಗೈಯ ಮೇಲೆ ಪರೀಕ್ಷಿಸಿ ಸಣ್ಣ ಧಾರೆಯಾಗಿ ಬಿಟ್ಟೆ. ಅವರ ತಲೆ ಭಾರವಾಗಲಿಲ್ಲ. ಕುತ್ತಿಗೆ ಬಿಗಿಹಿಡಿದುಕೊಂಡೇ ಮಲಗಿದ್ದರು.

ಗಾಳಿ ಹಾಕಲು ಶುರು ಮಾಡಿ ಅರ್ಧ ತಲೆ ಆಗಿತ್ತು, ಕರೆಂಟು ಹೋಯಿತು. ಬಲಗಡೆಯ ಬಿಳಿ ಕೂದಲು ರೇಷ್ಮೆಯ ಹಾಗೆ ಇಳಿದಿತ್ತು, ಎಡಗಡೆ ಒದ್ದೆ ಜಡೆಯ ಹಗ್ಗ. ಕಂಬದ ಹತ್ತಿರ ಮೈದುನ ಕೆಮ್ಮಿದ. ಅತ್ತೆ ಕನ್ನಡಿಯಲ್ಲಿ ಎರಡೂ ಕಡೆ ನೋಡಿಕೊಂಡರು. ಎದ್ದು ಹೋಗಿಬಿಡುತ್ತಾರೆ ಎಂದುಕೊಂಡೆ. ಅವರು ಮಾತ್ರ ಕೈ ಎತ್ತಿ ಒಣಗಿದ ಕಡೆಯ ಕೂದಲನ್ನು ಒಮ್ಮೆ ಮುಟ್ಟಿಕೊಂಡು, ಮೈದುನನಿಗೆ ಹೊಲದ ಕೆಲಸ ನೆನಪಿಸಿ ಕಳಿಸಿದರು. ಕರೆಂಟು ಬರುವ ತನಕ ನಾನು ಎಡಗಡೆಯ ಕೂದಲನ್ನು ಟವೆಲಿನಿಂದ ಒತ್ತುತ್ತ ನಿಂತೆ.

ಕರೆಂಟು ಬಂದ ಮೇಲೆ ಎಡಗಡೆ ಮುಗಿಸಿದೆ. ತಣ್ಣನೆಯ ಗಾಳಿಗೂ ಅವಸರ ಮಾಡಲಿಲ್ಲ. ಬ್ರಶ್ಶು ಕೆಳಗಿಟ್ಟು, ನನ್ನ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಪೆನಾಂಗಿನ ಶಿಸ್ತು ಅಷ್ಟು ಗಟ್ಟಿಯಾಗಿ ಕೂತಿತ್ತು. ಅತ್ತೆ ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.

"ಎಲ್ಲಾ ಆತ್ರಿ ಅತ್ತಿ," ಎಂದೆ.

"ಎಲ್ಲಿ ಆತು?" ಎಂದರು, ಕಣ್ಣು ತೆರೆಯದೆ. "ನೆತ್ತಿ ತಟ್ಟಲಿಲ್ಲಲ್ಲ."

ಎಣ್ಣೆ ತಾಗಿದರೆ ಇಷ್ಟು ಹೊತ್ತು ಎತ್ತಿ ನಿಲ್ಲಿಸಿದ ಕೂದಲೆಲ್ಲ ಕೂತುಬಿಡುತ್ತದೆ ಎಂದು ತಡವರಿಸುತ್ತ ವಿವರಿಸಿದೆ.

"ಎಣ್ಣಿ ಯಾರ ಕೇಳ್ಯಾರ? ಬರೇ ಕೈಲೆ ತಟ್ಟು." ಕೈಯಿಂದ ನೆತ್ತಿ ತೋರಿಸಿ ಅಂದರು, "ನಮ್ಮವ್ವ ಹೋದ ಮ್ಯಾಲ ನನ್ನ ನೆತ್ತಿ ಯಾರೂ ತಟ್ಟಿಲ್ಲವ್ವ."

ಒಣ ಕೈಯನ್ನೇ ಅವರ ನೆತ್ತಿಯ ಮೇಲಿಟ್ಟು ಮೆಲ್ಲಗೆ ತಟ್ಟಿದೆ. ಹಿರಿಯರ ನೆತ್ತಿಯನ್ನು ಕಿರಿಯರು ತಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ತಟ್ಟುತ್ತಿದ್ದಂತೆ ಅತ್ತೆಯ ತಲೆ ಹಿಂದಕ್ಕೆ ಬಂದು ನನ್ನ ಹೊಟ್ಟೆಗೆ ಒರಗಿತು. ಪೂರ್ತಿ ಭಾರ ಬಿಟ್ಟಿದ್ದರು. ಅಷ್ಟು ದಿನ ಎದೆಯಲ್ಲಿ ಕೂತಿದ್ದ ಗೊಬ್ಬರದ ಚೀಲಗಳು ಒಂದೊಂದಾಗಿ ಇಳಿದವು, ನಾನು ಅಳುತ್ತಿದ್ದೇನೆಂಬುದು ಕನ್ನಡಿ ನೋಡಿದಾಗ ತಿಳಿಯಿತು.

ಅತ್ತೆ ನನ್ನ ಅಳುವನ್ನು ಕಂಡೂ ಕಾಣದವರಂತೆ ಸೊಂಟದಿಂದ ಗೊಂಚಲು ಬಿಚ್ಚಿ, ಅದರಲ್ಲೊಂದು ಕೀಲಿಕೈ ತೆಗೆದು ಡ್ರೈಯರಿನ ಪಕ್ಕ ಇಟ್ಟರು.

"ಬಾಗಿಲಾ ಬಿಗಿ ಐತಿ," ಎಂದರು. "ಸ್ವಲ್ಪ ಮ್ಯಾಲ ಎತ್ತಿ ನೂಕು, ತಗಿತೈತಿ."